ವಿದೇಶಿ ಹುಡುಗನ ಜೊತೆ ಮದುವೆ: ಉಡುಪಿಯಲ್ಲಿ ಆಗಬೇಕಾ, ಅಲ್ಲಿ ಆಗಬೇಕಾ? ಯಾವ ಕಾಗದ ಮೊದಲು?

ಕಡಿಯಾಳಿ_ಮನೆ
ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆ ವಿಷಯದಲ್ಲಿ ತಿಳಿದವರು ದಾರಿ ಹೇಳಬೇಕು. ತಂಗಿ ಹುಟ್ಟಿದ್ದು 1994ರಲ್ಲಿ ಉಡುಪಿಯಲ್ಲಿ, ಹಿಂದೂ, ಭಾರತದ ಪಾಸ್‌ಪೋರ್ಟ್. ಹುಡುಗ ಜರ್ಮನಿಯ ಪ್ರಜೆ, ಕ್ರಿಶ್ಚಿಯನ್. ಇಬ್ಬರದ್ದೂ ಮೊದಲ ಮದುವೆ, ಆಮೇಲೆ ಇರುವುದು ಜರ್ಮನಿಯಲ್ಲಿ. ಮನೆಯ ಹಿರಿಯರು ಹೇಳುವುದು ಹೀಗೆ: ದೇವಸ್ಥಾನದಲ್ಲಿ ಧಾರೆ ಎರೆದು, ಆ ರಸೀದಿ ಕೊಟ್ಟು ರಿಜಿಸ್ಟರ್ ಮಾಡಿಸಿ, ವೀಸಾ ತೆಗೆದು, ಅಲ್ಲಿ ಹೋದ ಮೇಲೆ ಅವರ ಕ್ರಮದಲ್ಲಿ ಇನ್ನೊಮ್ಮೆ ಆಗಲಿ ಅಂತ. ಇದು ಆಗ್ತದಾ? ಏಜೆಂಟರೊಬ್ಬರು ಎಲ್ಲ ಕಾಗದಕ್ಕೂ ಅಪೊಸ್ಟಿಲ್, ಅಂದರೆ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲು ಹಾಕುವ ಸರ್ಕಾರಿ ಮುದ್ರೆ, ಮಾಡಿಸಲೇಬೇಕು ಅಂತಾರೆ. ಅದೂ ಹೌದಾ?

ಕೋರ್ಟ್‌ರಸ್ತೆ
ಹಿರಿಯರು ಹೇಳಿದ ದಾರಿ ಹಿಡಿಯಬೇಡಿ. ಹಿಂದೂ ವಿವಾಹ ಕಾಯ್ದೆ 1955 ಅನ್ವಯ ಆಗುವುದು ವಧು, ವರ ಇಬ್ಬರೂ ಹಿಂದೂಗಳಾಗಿದ್ದಾಗ ಮಾತ್ರ. ಹಿಂದೂ ಮತ್ತು ಕ್ರಿಶ್ಚಿಯನ್ ನಡುವೆ ಆ ಕಾಯ್ದೆಯಡಿ ಆದ ಮದುವೆ ಊರ್ಜಿತವಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅಂದರೆ ಧಾರೆ ಎಷ್ಟೇ ವೈಭವದಿಂದ ಆಗಲಿ, ಅದೊಂದರಿಂದ ನಿಮ್ಮ ತಂಗಿ ಕಾನೂನಿನ ಕಣ್ಣಿಗೆ ಹೆಂಡತಿ ಆಗುವುದಿಲ್ಲ.

ಉಡುಪಿಯಲ್ಲೇ ಆಗಬೇಕಾದರೆ ದಾರಿ ವಿಶೇಷ ವಿವಾಹ ಕಾಯ್ದೆ 1954. ಅದರಲ್ಲಿ ಸೆಕ್ಷನ್ 15 ಅಂತ ಒಂದು ಉಂಟು, ಬೇರೆ ಕ್ರಮದಲ್ಲಿ ಆದ ಮದುವೆಯನ್ನು ಆಮೇಲೆ ನೋಂದಾಯಿಸುವುದು. ಅದನ್ನು ಹಿಡಿದರೆ ಇಬ್ಬರೂ 30 ದಿನ ಜಿಲ್ಲೆಯಲ್ಲಿ ವಾಸ ಇದ್ದಿರಬೇಕು, ಮೇಲೆ 30 ದಿನದ ನೋಟಿಸ್ ಬೇರೆ. ಹುಡುಗ ಎರಡು ತಿಂಗಳು ಇಲ್ಲೇ ಕೂರಬೇಕಾಗ್ತದೆ. ನೇರವಾಗಿ ವಿವಾಹಾಧಿಕಾರಿ ಮುಂದೆ ಮದುವೆಯಾದರೆ ಒಬ್ಬರ 30 ದಿನದ ವಾಸ ಸಾಕು. ನಿಮ್ಮ ತಂಗಿ ಊರಲ್ಲೇ ಇದ್ದರೆ ಅದು ಆಗಿಯೇ ಹೋಯಿತು.

ಇನ್ನೊಂದು ಮಾತು, ಇದಕ್ಕೇ ನಾನು ಹೆಚ್ಚು ಒತ್ತು ಕೊಡುವುದು: ಕಾನೂನಿನ ಮದುವೆ ಒಂದೇ ಇರಲಿ, ತಾರೀಕೂ ಒಂದೇ ಇರಲಿ. ಎರಡು ದೇಶದಲ್ಲಿ ಎರಡು ತಾರೀಕಿನ ಎರಡು ಸರ್ಟಿಫಿಕೇಟ್ ಇದ್ದರೆ ವೀಸಾ, ಮಗುವಿನ ಜನನ ನೋಂದಣಿ, ಆಸ್ತಿ, ಪಿಂಚಣಿ, ಎಲ್ಲ ಕಡೆಯೂ "ಯಾವುದು ನಿಜ" ಎಂಬ ಪ್ರಶ್ನೆ ಏಳ್ತದೆ. ಒಮ್ಮೆ ಗಂಡಹೆಂಡತಿ ಆದವರು ಅಲ್ಲಿಯ ಕಚೇರಿಯಲ್ಲಿ "ಅವಿವಾಹಿತೆ" ಅಂತ ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆ. ಧಾರೆಯನ್ನು ಮನೆಯ ಶಾಸ್ತ್ರವಾಗಿ ಖಂಡಿತ ಮಾಡಿ, ಆದರೆ ವಿವಾಹಾಧಿಕಾರಿ ಮುಂದೆ ಸಹಿ ಬಿದ್ದ ದಿನ ಅಥವಾ ಅದರ ನಂತರ ಮಾಡಿ.

ಸಬ್‌ರಿಜಿಸ್ಟ್ರಾರ್_ಸಾಲು
ವಿಶೇಷ ವಿವಾಹ ಕಾಯ್ದೆಯ ಕ್ರಮ ಬಿಡಿಸಿ ಹೇಳ್ತೇನೆ.

ಅರ್ಜಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಶುರು. ನೋಟಿಸಿಗೆ ಇಬ್ಬರ ಸಹಿಯೂ ಬೇಕು. ನೋಟಿಸ್ ಕಚೇರಿಯ ಫಲಕದಲ್ಲಿ ಹಾಕ್ತಾರೆ, ಒಬ್ಬರ ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಗೂ ಪ್ರತಿ ಹೋಗ್ತದೆ. 30 ದಿನ ಕಾಯಬೇಕು. ನೋಟಿಸ್ ಕೊಟ್ಟ ದಿನದಿಂದ 3 ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಸತ್ತು ಹೋಗ್ತದೆ, ಮತ್ತೆ ಮೊದಲಿನಿಂದ. ಹಾಗಾಗಿ ನಿಮ್ಮ ಕೈಯಲ್ಲಿ ಇರುವುದು ಹೆಚ್ಚುಕಡಿಮೆ ಎರಡು ತಿಂಗಳ ಕಿಟಕಿ. ಹುಡುಗನ ವಿಮಾನ ಟಿಕೆಟನ್ನು ಇದರ ಲೆಕ್ಕದಲ್ಲಿ ಮಾಡಿಸಿ. ಒಂದೋ ನೋಟಿಸಿಗೆ ಬಂದು ಐದಾರು ವಾರ ಇದ್ದು ಮುಗಿಸಿ ಹೋಗುವುದು, ಇಲ್ಲವೋ ಎರಡು ಸಲ ಬರುವುದು. ಮದುವೆಯ ದಿನ ಮೂವರು ಸಾಕ್ಷಿಗಳು ಗುರುತಿನ ಚೀಟಿ ಸಮೇತ ಬರಬೇಕು.

ಹುಡುಗನ ಕಡೆಯಿಂದ ಪಾಸ್‌ಪೋರ್ಟ್, ಚಾಲ್ತಿ ವೀಸಾ, ಜನನ ದಾಖಲೆ ಮತ್ತು "ಮದುವೆಗೆ ಅಡ್ಡಿಯಿಲ್ಲ" ಎನ್ನುವ ಅವರ ದೇಶದ ಪತ್ರ. ಇಲ್ಲಿ ಉಳಿದುಕೊಂಡ ವಿಳಾಸಕ್ಕೆ ಪುರಾವೆ ಕೇಳುವುದುಂಟು. ಹೋಟೆಲು, ಹೋಮ್‌ಸ್ಟೇ, ಮನೆ ಯಾವುದೇ ಆಗಲಿ, ವಿದೇಶಿಯರನ್ನು ಇಟ್ಟುಕೊಂಡವರು 24 ಗಂಟೆಯೊಳಗೆ ಆನ್‌ಲೈನಲ್ಲಿ ವರದಿ ಮಾಡಬೇಕು, ಜನ ಸಿ-ಫಾರಂ ಅನ್ನುವುದು ಅದನ್ನೇ. ನಿಮ್ಮ ಮನೆಯಲ್ಲೇ ಇದ್ದರೂ ಅದು ಕಡ್ಡಾಯ. ಅದರ ಪ್ರಿಂಟ್ ಇಟ್ಟುಕೊಂಡರೆ ವಾಸದ ಪುರಾವೆಗೂ ಆಗ್ತದೆ.

ಆಕ್ಷೇಪಣೆ ಬಗ್ಗೆ ಹೆದರಿಕೊಳ್ಳುವವರು ಬಹಳ. ಕಾಯ್ದೆಯಲ್ಲಿ ಆಕ್ಷೇಪಣೆಗೆ ಜಾಗ ಇರುವುದು ಸೆಕ್ಷನ್ 4ರ ಷರತ್ತು ಮುರಿದಾಗ ಮಾತ್ರ: ಬದುಕಿರುವ ಗಂಡ ಅಥವಾ ಹೆಂಡತಿ ಇರುವುದು, ವಯಸ್ಸು ಹುಡುಗನಿಗೆ 21, ಹುಡುಗಿಗೆ 18 ತುಂಬದಿರುವುದು, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇಲ್ಲದಿರುವುದು, ನಿಷಿದ್ಧ ಸಂಬಂಧ. ಮನೆಯವರಿಗೆ ಇಷ್ಟ ಇಲ್ಲ, ಧರ್ಮ ಬೇರೆ, ಇವು ಆಕ್ಷೇಪಣೆಯೇ ಅಲ್ಲ. ಯಾರಾದರೂ ಆಕ್ಷೇಪಿಸಿದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನಿಸಬೇಕು. ಮದುವೆಗೆ ನಿರಾಕರಿಸಿದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ.

ಫ್ರಾಂಕ್‌ಫರ್ಟ್_ಕುಂದಾಪ್ರ
ಜರ್ಮನಿ ಭಾಗ ನಾನು ಹೇಳ್ತೇನೆ ಅಕ್ಕ, ಇಲ್ಲೇ ಹೆಚ್ಚಿನವರು ಮುಗ್ಗರಿಸುವುದು.

ಮೊದಲು ಅಪೊಸ್ಟಿಲ್. ಭಾರತ ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ ಜಾರಿಗೆ ಬಂತು. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಹಾಕಿದೆ. ಅಂದರೆ ಈ ಎರಡು ದೇಶಗಳ ನಡುವೆ ಒಪ್ಪಂದ ನಡೆಯುವುದೇ ಇಲ್ಲ. ನಿಮ್ಮ ಏಜೆಂಟರು ಅಪೊಸ್ಟಿಲ್ ಹಚ್ಚಿಸಿಕೊಟ್ಟರೆ ಆ ದುಡ್ಡು ನೀರಿಗೆ. ಜರ್ಮನಿ ಭಾರತದ ಕಾಗದಗಳನ್ನು ದಾಖಲೆ ಪರಿಶೀಲನೆ ಎನ್ನುವ ಬೇರೆ ಕ್ರಮದಲ್ಲಿ ನೋಡ್ತದೆ. ದೂತಾವಾಸ ನೇಮಿಸಿದ ವಕೀಲರು ನಗರಸಭೆ, ಶಾಲೆ, ಮನೆ, ನೆರೆಕರೆಯಲ್ಲಿ ವಿಚಾರಿಸಿ ವರದಿ ಕೊಡ್ತಾರೆ. ಖರ್ಚು ಅರ್ಜಿದಾರರದ್ದು, ಸಮಯ ತಿಂಗಳುಗಟ್ಟಲೆ. ಯಾರೋ ಅಪರಿಚಿತರು ಬಂದು "ಈ ಹುಡುಗಿಗೆ ಮದುವೆ ಆಗಿದೆಯಾ" ಅಂತ ಕೇಳಿದಾಗ ನೆರೆಯವರು ಗಾಬರಿಯಲ್ಲಿ "ನಮಗೆ ಗೊತ್ತಿಲ್ಲಪ್ಪ" ಅಂದರೆ ವರದಿಯಲ್ಲಿ ಅದೂ ಬರ್ತದೆ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಅಲ್ಲಿಂದ ಇಲ್ಲಿಗೂ ಅದೇ ಕಥೆ. ಹುಡುಗನ ಜರ್ಮನ್ ಕಾಗದಗಳಿಗೆ ಅಲ್ಲಿಯ ಸರ್ಕಾರದ ಪೂರ್ವ ದೃಢೀಕರಣ ಆಗಿ, ಆಮೇಲೆ ಅಲ್ಲಿರುವ ಭಾರತೀಯ ದೂತಾವಾಸದ ಮುದ್ರೆ ಬೀಳಬೇಕು. ಉಡುಪಿಯಲ್ಲಿ ಆಗುವುದಾದರೆ ಅವರ ಊರಿನ ಷ್ಟಾಂಡೆಸಾಮ್ಟ್, ಅಂದರೆ ನೋಂದಣಿ ಕಚೇರಿ, "ಎಹೆಫೇಹಿಶ್‌ಕೈಟ್ಸ್‌ತ್ಸೋಯ್ಗ್ನಿಸ್" ಎಂಬ ಪತ್ರ ಕೊಡ್ತದೆ. ಮದುವೆಗೆ ಅಡ್ಡಿಯಿಲ್ಲ ಎನ್ನುವ ಪತ್ರವೇ ಅದು. ಆಯುಷ್ಯ 6 ತಿಂಗಳು. ದೂತಾವಾಸದ ಮುದ್ರೆಗೆ ಹೋಗಿಬರುವ ಸಮಯವೂ ಆ 6 ತಿಂಗಳಲ್ಲೇ ಕಳೆಯಬೇಕು ಎಂಬುದು ನೆನಪಿರಲಿ.

ಅಲ್ಲೇ ಮದುವೆ ಆಗುವುದಾದರೆ ಕಷ್ಟ ನಿಮ್ಮ ತಂಗಿಯ ಕಡೆಗೆ ಬರ್ತದೆ. ಜರ್ಮನಿ ಒಪ್ಪುವ ಮಾದರಿಯ ಅಂಥ ಪತ್ರ ಕೊಡುವ ಕಚೇರಿ ನಮ್ಮಲ್ಲಿ ಇಲ್ಲ. ಹಾಗಾಗಿ ಅಲ್ಲಿಯ ಉಚ್ಚ ಪ್ರಾದೇಶಿಕ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ತೆಗೆಯಬೇಕು, ಅರ್ಜಿ ಷ್ಟಾಂಡೆಸಾಮ್ಟ್ ಮೂಲಕವೇ ಹೋಗ್ತದೆ. ಅದಕ್ಕೂ 6 ತಿಂಗಳ ಆಯುಷ್ಯ. ಆ ಕಚೇರಿ ಮದುವೆಗೆ ಹೆಸರು ನೋಂದಾಯಿಸಿಕೊಂಡ ಪತ್ರ ಸಿಕ್ಕ ಮೇಲೆ ಮದುವೆ ವೀಸಾ. ಅಲ್ಲಿ ಚರ್ಚಿನಲ್ಲಿ ಆದ ಮದುವೆಗೆ ಕಾನೂನಿನ ಬೆಲೆ ಇಲ್ಲ, ಷ್ಟಾಂಡೆಸಾಮ್ಟ್‌ನಲ್ಲಿ ಆದದ್ದೇ ಮದುವೆ.

ಎಲ್ಲಿ ಆದರೂ ಜರ್ಮನ್ ಭಾಷೆಯ ಎ1, ಅಂದರೆ ಮೊದಲ ಹಂತದ ಪರೀಕ್ಷೆ ಇವರಿಗೆ ತಪ್ಪದು. ಗಂಡ ಬ್ಲೂ ಕಾರ್ಡಿನ (ಪರಿಣತ ಕೆಲಸಗಾರರ ಪರವಾನಗಿ) ವಿದೇಶಿ ಉದ್ಯೋಗಿ ಆಗಿದ್ದರೆ ವಿನಾಯಿತಿ ಉಂಟು, ಜರ್ಮನ್ ಪ್ರಜೆಯ ಹೆಂಡತಿಗೆ ಆ ವಿನಾಯಿತಿ ಬರುವುದಿಲ್ಲ. ಇವತ್ತೇ ತರಗತಿಗೆ ಸೇರಿಸಿ. ಉಳಿದ ಕಾಗದ ಓಡಾಡಿ ತರಬಹುದು, ಇದನ್ನು ಓದಿಯೇ ತರಬೇಕು.

ಕಡಿಯಾಳಿ_ಮನೆ
ಬಹಳ ಉಪಕಾರ ಆಯಿತು. ಬರ್ಲಿನ್ನಿನ ಭಾರತೀಯ ರಾಯಭಾರ ಕಚೇರಿಯಲ್ಲೇ ಮದುವೆ ಮಾಡಿಸಬಹುದಲ್ಲ ಅಂತ ಒಬ್ಬರು ಹೇಳಿದರು. ಡೆನ್ಮಾರ್ಕಿಗೆ ಹೋಗಿ ಆಗುವುದೂ ಉಂಟಂತೆ?

ಕೋರ್ಟ್‌ರಸ್ತೆ
ವಿದೇಶಿ ವಿವಾಹ ಕಾಯ್ದೆ 1969 ಇರುವುದು ಇದಕ್ಕೇ. ಒಬ್ಬರಾದರೂ ಭಾರತದ ಪ್ರಜೆ ಆಗಿರಬೇಕು, ಒಬ್ಬರಾದರೂ ಆ ವ್ಯಾಪ್ತಿಯಲ್ಲಿ ನೋಟಿಸಿನ ಮೊದಲು 30 ದಿನ ವಾಸ ಇದ್ದಿರಬೇಕು, ಪ್ರಕಟಣೆಯಾಗಿ 30 ದಿನ ಆಕ್ಷೇಪಣೆಗೆ ಅವಕಾಶ, ಮೂವರು ಸಾಕ್ಷಿ, ನೋಟಿಸಿನಿಂದ 6 ತಿಂಗಳೊಳಗೆ ಮದುವೆ. ಆದರೆ ಆ ದೇಶದ ಕಾನೂನು ನಿಷೇಧಿಸುವ ಮದುವೆಯನ್ನು ನಮ್ಮ ಅಧಿಕಾರಿ ಮಾಡಿಸುವಂತಿಲ್ಲ. ಜರ್ಮನಿಯ ಕಾನೂನಿನಲ್ಲಿ ಬೇರೆ ದೇಶದ ಕಾನ್ಸುಲರ್ ಅಧಿಕಾರಿ ಮುಂದೆ ಮದುವೆ ಆಗಲು ಅವಕಾಶ ಇರುವುದು ಇಬ್ಬರಲ್ಲಿ ಯಾರೂ ಜರ್ಮನ್ ಪ್ರಜೆ ಅಲ್ಲದಿದ್ದಾಗ ಮಾತ್ರ. ನಿಮಗೆ ಆ ಬಾಗಿಲು ಮುಚ್ಚಿದೆ. ಇಬ್ಬರೂ ಭಾರತೀಯರು ಅಲ್ಲಿ ಕೆಲಸದಲ್ಲಿದ್ದರೆ ಅದು ಯೋಗ್ಯ ದಾರಿ.

ಅದೇ ಕಾಯ್ದೆಯ ಸೆಕ್ಷನ್ 17 ಹೆಚ್ಚಿನವರಿಗೆ ಗೊತ್ತಿಲ್ಲ. ಅಲ್ಲಿಯ ಕಾನೂನಿನಂತೆ ಆದ ಮದುವೆಯನ್ನು ನಮ್ಮ ದೂತಾವಾಸದಲ್ಲಿ ನೋಂದಾಯಿಸಲು ಅವಕಾಶ. ಹೊರಗೆ ಮದುವೆಯಾದವರು ಊರಿಗೆ ಬಂದು ಸಬ್‌ರಿಜಿಸ್ಟ್ರಾರ್ ಕಚೇರಿ ಸುತ್ತುವ ಬದಲು ಅಲ್ಲೇ ಇರುವಾಗ ಇದನ್ನು ಮುಗಿಸಿಕೊಳ್ಳಬೇಕು.

ಫ್ರಾಂಕ್‌ಫರ್ಟ್_ಕುಂದಾಪ್ರ
ಡೆನ್ಮಾರ್ಕ್ ನಿಜ. ಅಲ್ಲಿಯ ಸರ್ಕಾರದ ಕೌಟುಂಬಿಕ ಕಾನೂನು ಸಂಸ್ಥೆಗೆ ಆನ್‌ಲೈನ್ ಅರ್ಜಿ, ಒಪ್ಪಿಗೆ ಪತ್ರಕ್ಕೆ 4 ತಿಂಗಳ ಅವಧಿ, ಅಷ್ಟರೊಳಗೆ ಯಾವುದಾದರೂ ನಗರಾಡಳಿತದಲ್ಲಿ ಮದುವೆ. ಜರ್ಮನಿ ಅದನ್ನು ಒಪ್ಪುತ್ತದೆ. ಆದರೆ ಪ್ರವಾಸಿ ಷೆಂಗೆನ್ ವೀಸಾದಲ್ಲಿ ಹೋಗಿ ಮದುವೆಯಾಗಿ ಅಲ್ಲೇ ನೆಲೆಸಬಹುದು ಎಂದುಕೊಂಡರೆ ಸಾಮಾನ್ಯವಾಗಿ ಆಗುವುದಿಲ್ಲ. ವಾಪಸು ಬಂದು ಬೆಂಗಳೂರಿನ ಮೂಲಕ ಸಂಗಾತಿ ವೀಸಾ ಹಾಕಬೇಕಾಗ್ತದೆ. ಈಗಾಗಲೇ ಜರ್ಮನಿಯಲ್ಲಿ ವಾಸದ ಪರವಾನಗಿ ಇರುವವರಿಗೆ ಮಾತ್ರ ಇದು ಹಗುರ.

ಕಡಿಯಾಳಿ_ಮನೆ
ಹಾಗಾದರೆ ಉಡುಪಿಯಲ್ಲೇ ಅಂತ ಮನೆಯಲ್ಲಿ ಮಾತಾಯಿತು. ಈಗ ಹೊಸ ತಲೆನೋವು: ತಂಗಿಯ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲ, "ಹೆಣ್ಣು ಮಗು" ಅಂತ ಮಾತ್ರ ಉಂಟು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ, ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್.

ಸಬ್‌ರಿಜಿಸ್ಟ್ರಾರ್_ಸಾಲು
ನಮ್ಮ ಕಡೆ ಇದು ಮನೆಮನೆಯ ಕಥೆ ಮಾರಾಯ್ರೆ. ಹುಟ್ಟಿದಾಗ ಆಸ್ಪತ್ರೆಯವರು ಮಾಹಿತಿ ಕಳಿಸ್ತಾರೆ, ನಾಮಕರಣ ಆಗುವುದು ಆಮೇಲೆ, ಹೆಸರು ಬರೆಸಲು ಯಾರೂ ಹೋಗಿರುವುದಿಲ್ಲ. ಜನನ ನೋಂದಣಿ ಆದ ಕಚೇರಿಯಲ್ಲೇ ಹೆಸರು ಸೇರಿಸುವ ಅರ್ಜಿ ಕೊಡಿ. ಶಾಲಾ ದಾಖಲೆ, ತಂದೆ ತಾಯಿಯ ಗುರುತಿನ ಪತ್ರ ಬೇಕು. ಆದ ಮೇಲೆ ಹಳೆಯ ಕೈಬರಹದ ಪ್ರತಿ ಬಿಟ್ಟು ಇ-ಜನ್ಮದ, ಅಂದರೆ ಸರ್ಕಾರದ ಆನ್‌ಲೈನ್ ಜನನ ನೋಂದಣಿಯ, ಹೊಸ ಪ್ರತಿ ತೆಗೆಯಿರಿ. ನೋಂದಣಿಯೇ ಆಗದವರಿಗೆ ದಾರಿ ಬೇರೆ: ಮೊದಲು "ದಾಖಲೆ ಲಭ್ಯವಿಲ್ಲ" ಪತ್ರ, ಆಮೇಲೆ ವಿಳಂಬ ನೋಂದಣಿ. ಒಂದು ವರ್ಷ ದಾಟಿದ ಪ್ರಕರಣಕ್ಕೆ ಮೊದಲು ಕೋರ್ಟಿನ ಆದೇಶ ಬೇಕಿತ್ತು. 2023ರ ತಿದ್ದುಪಡಿ ಬಂದ ಮೇಲೆ, ಅಂದರೆ ಆ ವರ್ಷದ ಅಕ್ಟೋಬರ್ 1ರಿಂದ, ಅದು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಮಟ್ಟಕ್ಕೆ ಬಂದಿದೆ.

ಹೆಸರಿನ ವ್ಯತ್ಯಾಸ ಅಸಡ್ಡೆ ಮಾಡಬೇಡಿ. ಎಲ್ಲ ಕಾಗದವೂ ಪಾಸ್‌ಪೋರ್ಟಿನ ಅಕ್ಷರಕ್ಕೆ ಹೊಂದಬೇಕು, ಯಾಕೆಂದರೆ ವೀಸಾ ಕೊಡುವವರು ಕೊನೆಗೆ ಕೈಯಲ್ಲಿ ಹಿಡಿಯುವುದು ಅದನ್ನೇ. ತಿದ್ದಲಾಗದ ಕಡೆ "ಎರಡೂ ಹೆಸರು ಒಬ್ಬರದ್ದೇ" ಎಂಬ ಅಫಿಡವಿಟ್. ಕ್ರೈಸ್ತ ಕುಟುಂಬಗಳಲ್ಲಿ ಡಿಸೋಜ, ಡಿಸಿಲ್ವ, ಡಿಕುನ್ಹ ಹೆಸರುಗಳ ತೊಂದರೆ ಇನ್ನೂ ಸೂಕ್ಷ್ಮ: ಇಂಗ್ಲಿಷಿನಲ್ಲಿ ಡಿ ಆದ ಮೇಲೆ ಒಂದು ಕಾಗದದಲ್ಲಿ ಮೇಲುಚಿಹ್ನೆ, ಇನ್ನೊಂದರಲ್ಲಿ ಖಾಲಿ ಜಾಗ, ಮತ್ತೊಂದರಲ್ಲಿ ಎರಡೂ ಇಲ್ಲದೆ ಕೂಡಿಸಿ ಬರೆದದ್ದು. ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ ಜನ.

ಶಿರ್ವ_ಕೊಂಕ್ಣಿ
ಇದೇ ಎಳೆಯಲ್ಲಿ ಕೇಳ್ತೇನೆ, ಕ್ಷಮಿಸಿ. ಹುಡುಗ ಇಲ್ಲಿಯ ಕ್ಯಾಥೊಲಿಕ್, ಇಸ್ರೇಲಿನಲ್ಲಿ ವೃದ್ಧರ ಆರೈಕೆ ಕೆಲಸ. ಹುಡುಗಿ ಫಿಲಿಪ್ಪೀನ್ಸಿನವಳು, ಅವಳೂ ಕ್ಯಾಥೊಲಿಕ್, ಅದೇ ಕೆಲಸ. ಮದುವೆ ಎಲ್ಲಿ?

ಬಿಜೈ_ಇಗರ್ಜಿ
ಇಸ್ರೇಲಿನಲ್ಲಿ ಸಿವಿಲ್ ಮದುವೆ ಇಲ್ಲ, ಧಾರ್ಮಿಕ ಮದುವೆ ಮಾತ್ರ. ಸಿವಿಲ್ ಮದುವೆ ಬೇಕಾದವರು ಸೈಪ್ರಸಿಗೆ ಹೋಗುವುದು ಅಲ್ಲಿಯ ರೂಢಿ. ಆದರೆ ಕೆಲಸದ ವೀಸಾದಲ್ಲಿ ಇರುವವರು ಹೊರಗೆ ಹೋಗಿ ಮರಳುವ ಅನುಮತಿ ಮೊದಲು ಖಚಿತ ಮಾಡಿಕೊಳ್ಳಬೇಕು.

ಫಿಲಿಪ್ಪೀನ್ಸಿನಲ್ಲಿ ಆದರೆ: ವಿದೇಶಿ ಪ್ರಜೆ ತನ್ನ ದೂತಾವಾಸದಿಂದ "ಮದುವೆಯಾಗಲು ಕಾನೂನಿನ ಅರ್ಹತೆ" ಪತ್ರ ತರಬೇಕು, ಅಂದರೆ ಮನಿಲಾದ ಭಾರತೀಯ ರಾಯಭಾರ ಕಚೇರಿಯಿಂದ. ಲೈಸೆನ್ಸ್ ಅರ್ಜಿ 10 ದಿನ ಫಲಕದಲ್ಲಿ ಇರ್ತದೆ, ಲೈಸೆನ್ಸ್ 120 ದಿನ ಚಾಲ್ತಿ. ಆ ದೇಶವೂ 2019ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿ ಇರುವುದರಿಂದ ಅಲ್ಲಿಯ ಮದುವೆ ಪತ್ರ ಇಲ್ಲಿಗೆ ತರುವುದು ಸುಲಭ.

ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆದರೆ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪತ್ರದ ಹಳೆಯ ಪ್ರತಿ ನಡೆಯುವುದಿಲ್ಲ. 6 ತಿಂಗಳೊಳಗೆ ತೆಗೆದ, ಅಂಚಿನ ಟಿಪ್ಪಣಿ ಸಮೇತ ಇರುವ ಪ್ರತಿ ಬೇಕು. ಮೊದಲು ಮದುವೆ ಆಗಿದ್ದರೆ ಆ ಟಿಪ್ಪಣಿಯಲ್ಲಿ ಕಾಣ್ತದೆ, ಅದಕ್ಕಾಗಿಯೇ. ಜೊತೆಗೆ ದೃಢೀಕರಣ ಸಂಸ್ಕಾರದ ಪತ್ರ, ಮದುವೆ ತಯಾರಿ ಶಿಬಿರದ ಪತ್ರ, ಎರಡೂ ಕಡೆ ಚೀಟಿ ಓದುವುದು (ಮದುವೆಯ ಪ್ರಕಟಣೆ), ಮದುವೆಗೆ ಅಡ್ಡಿಯಿಲ್ಲ ಎನ್ನುವ ಇಗರ್ಜಿಯ ಸ್ವಾತಂತ್ರ್ಯ ಪತ್ರ. ಕಾಗದ ಧರ್ಮಪ್ರಾಂತದಿಂದ (ಒಬ್ಬ ಬಿಷಪರ ವ್ಯಾಪ್ತಿ) ಧರ್ಮಪ್ರಾಂತಕ್ಕೆ ಮುದ್ರೆ ಬಿದ್ದು ಹೋಗಬೇಕು. ಶಿರ್ವ ಈಗ ಉಡುಪಿ ಧರ್ಮಪ್ರಾಂತ, 2012ರಲ್ಲಿ ಮಂಗಳೂರಿನಿಂದ ಬೇರೆ ಆದದ್ದು. ಹಾಗಾಗಿ ಮಂಗಳೂರಿಗೆ ಓಡಬೇಡಿ. ಕಡಿಯಾಳಿಯವರ ಹಾಗೆ ಒಬ್ಬರು ಜ್ಞಾನಸ್ನಾನ ಆಗದವರಾಗಿದ್ದು ಇಗರ್ಜಿಯಲ್ಲೂ ಮದುವೆ ಬೇಕಾದರೆ ಬಿಷಪರ ವಿನಾಯಿತಿ ಇಲ್ಲದೆ ಅದು ಊರ್ಜಿತವಲ್ಲ. ಆ ಅರ್ಜಿ ಮೊದಲೇ ಕೊಡಿ.

ಬಂದರ್_ಬ್ಯಾರಿ
ದುಬೈ, ಕುವೈತ್, ಕತಾರಿಗೆ ಹೆಂಡತಿಯನ್ನು ಕರೆಸುವವರಿಗಾಗಿ ಇಷ್ಟು. ಈ ಮೂರೂ ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲ. ಬೆಂಗಳೂರಿನಲ್ಲಿ ರಾಜ್ಯ ಗೃಹ ಇಲಾಖೆ, ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ದೂತಾವಾಸ, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆ, ಕೊನೆಗೆ ಅರಬ್ಬಿ ಅನುವಾದ. ಕ್ರಮ ತಪ್ಪಿದರೆ ಮುಂದಿನವರು ಮುಟ್ಟುವುದಿಲ್ಲ. ಒಮಾನ್, ಬಹರೈನ್ ಒಪ್ಪಂದದಲ್ಲಿ ಉಂಟು, ಸೌದಿ 2022ರ ಡಿಸೆಂಬರಿನಿಂದ ಸೇರಿದೆ. ಹಾಗಾಗಿ ಗಲ್ಫ್ ಅಂದಕೂಡಲೇ ಎಲ್ಲದಕ್ಕೂ ಒಂದೇ ದಾರಿ ಅಲ್ಲ.

ನಿಕಾಹ್ ಆದವರು ಜಮಾಅತಿನ ಪತ್ರ ಮಾತ್ರ ಹಿಡಿದು ಕೂರಬೇಡಿ. ವಕ್ಫ್ ಮಂಡಳಿ ಮದುವೆ ಪ್ರಮಾಣಪತ್ರ ಕೊಡುವ ಸರ್ಕಾರಿ ಆದೇಶಕ್ಕೆ 2024ರ ನವೆಂಬರಿನಲ್ಲಿ ನಮ್ಮ ಹೈಕೋರ್ಟ್ ತಡೆ ಕೊಟ್ಟಿತ್ತು. ನೋಂದಣಿ ಕಚೇರಿಯ ಪತ್ರ ಇದ್ದರೆ ಈ ಚಿಂತೆ ಇಲ್ಲ.

ಹಂಪನಕಟ್ಟೆ_ವೀಸಾ
ಅಮೆರಿಕದ ಕೆ-1, ಅಂದರೆ ನಿಶ್ಚಿತ ವಧು ಅಥವಾ ವರನ ವೀಸಾ ಹಾಕಿದವರು ಒಂದು ವಿಷಯದಲ್ಲಿ ಎಚ್ಚರ ಇರಬೇಕು. ಅದು ಮದುವೆ ಆಗದವರಿಗೆ ಮಾತ್ರ. ಹೋಗಿ 90 ದಿನದೊಳಗೆ ಅದೇ ವ್ಯಕ್ತಿಯನ್ನು ಮದುವೆಯಾಗಬೇಕು. ನಮ್ಮ ನಿಶ್ಚಿತಾರ್ಥಗಳು ಈಗ ಮದುವೆಯಷ್ಟೇ ದೊಡ್ಡದು: ಮಂಟಪ, ಹಾರ ಬದಲಾವಣೆ, ಪುರೋಹಿತರು. ಆ ಫೋಟೊ ನೋಡಿದ ಅಧಿಕಾರಿ "ಇವರಿಗೆ ಮದುವೆ ಆಗಿಹೋಗಿದೆ" ಎಂದು ವೀಸಾ ತಿರಸ್ಕರಿಸಬಹುದು. ತದ್ವಿರುದ್ಧ ತಪ್ಪೂ ಉಂಟು. ವೀಸಾಕ್ಕೆ ಬೇಗ ಬೇಕು ಅಂತ ಶಾಸ್ತ್ರ ಏನೂ ಮಾಡದೆ ಹಿಂದೂ ವಿವಾಹ ಅಂತ ನೋಂದಣಿ ಮಾತ್ರ ಮಾಡಿಸುವುದು. ಶಾಸ್ತ್ರವಿಲ್ಲದ ಅಂಥ ಪತ್ರದಿಂದ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಂಗ್ಲೆಂಡಿನಲ್ಲಿ ಆಗುವವರು: ನೋಟಿಸಿಗೆ ಮೊದಲು ಇಬ್ಬರೂ ತಮ್ಮ ನೋಂದಣಿ ಜಿಲ್ಲೆಯಲ್ಲಿ 7 ದಿನ ಇದ್ದಿರಬೇಕು, ನೋಟಿಸ್ ಆದಮೇಲೆ 28 ದಿನ ಕಾಯಬೇಕು. ವಲಸೆ ವಿಚಾರಣೆಗೆ ಕಳಿಸಿದರೆ ಅದು 70 ದಿನ. ಮಾಮೂಲಿ ಪ್ರವಾಸಿ ವೀಸಾದಲ್ಲಿ ಮದುವೆ ಆಗುವಂತಿಲ್ಲ, ಅದಕ್ಕೇ ಬೇರೆ ವೀಸಾ ಉಂಟು. ಸೋದರಮಾವನನ್ನು ಮದುವೆ ಆಗುವ ನಮ್ಮ ಕ್ರಮ ಅಲ್ಲಿ ನಿಷಿದ್ಧ ಸಂಬಂಧ.

ಕೋರ್ಟ್‌ರಸ್ತೆ
ಆ ಕೊನೆಯ ಮಾತಿಗೆ ಒಂದು ಸೇರಿಸ್ತೇನೆ. ನಮ್ಮ ವಿಶೇಷ ವಿವಾಹ ಕಾಯ್ದೆಯ ಪಟ್ಟಿಯಲ್ಲಿ ಮಾವನ ಮಗಳು, ಅತ್ತೆಯ ಮಗಳೂ ನಿಷಿದ್ಧ. ಹಿಂದೂ ವಿವಾಹ ಕಾಯ್ದೆಯಲ್ಲಿ ರೂಢಿ ಇದ್ದರೆ ನಡೆಯುತ್ತದೆ. ಅಂಥ ಸಂಬಂಧದವರು ಇಬ್ಬರೂ ಹಿಂದೂಗಳಾಗಿದ್ದರೆ ಕಾಯ್ದೆ ನೋಡಿ ಆರಿಸಬೇಕು.

ಮೊದಲ ಮದುವೆ ಮುರಿದವರಿಗೂ ಒಂದು ಮಾತು. ಇಲ್ಲಿಯ ಕೋರ್ಟಿನ ವಿಚ್ಛೇದನದ ಡಿಕ್ರಿ (ಆದೇಶ) ಆಗಿದ್ದರೆ ಮೇಲ್ಮನವಿಯ 90 ದಿನ ಕಳೆಯದೆ ನೋಟಿಸ್ ಕೊಡಬೇಡಿ. ಹೊರದೇಶದ ಡಿಕ್ರಿ ಆಗಿದ್ದರೆ 1991ರ ಸುಪ್ರೀಂ ಕೋರ್ಟ್ ತೀರ್ಪಿನ ಅಳತೆಗೆ ಹಿಡಿಯಬೇಕು: ಮದುವೆಯಾದ ಕಾಯ್ದೆಯಲ್ಲಿ ಇರುವ ಕಾರಣಕ್ಕೇ ವಿಚ್ಛೇದನ ಆಗಿದೆಯೇ, ಎದುರು ಪಕ್ಷ ನಿಜವಾಗಿ ಹಾಜರಾಗಿ ವಾದಿಸಿತ್ತೇ ಅಥವಾ ಒಪ್ಪಿತ್ತೇ ಅಂತ. ಒಬ್ಬರೇ ಹೋಗಿ ತಂದ ಡಿಕ್ರಿ ನಂಬಿ ಇಲ್ಲಿ ಮರುಮದುವೆ ಆದರೆ ಮೊದಲ ಮದುವೆ ಇನ್ನೂ ಇದೆ ಎಂಬ ವಾದಕ್ಕೆ ದಾರಿ ಆಗ್ತದೆ.

ಕಡಿಯಾಳಿ_ಮನೆ
ನಮ್ಮ ಕ್ರಮ ಸರಿಯಾ ನೋಡಿ: ಎ1 ತರಗತಿ ಶುರು, ಜನನ ಪತ್ರಕ್ಕೆ ಹೆಸರು, ಅದು ಕೈಗೆ ಬಂದ ಮೇಲೆ ಹುಡುಗ ಅಲ್ಲಿ ಅಡ್ಡಿಯಿಲ್ಲದ ಪತ್ರಕ್ಕೆ ಅರ್ಜಿ, ದೂತಾವಾಸದ ಮುದ್ರೆ, ಬಂದು ನೋಟಿಸ್, 30 ದಿನ, ಸಹಿ, ಅದೇ ವಾರ ಧಾರೆ. ಮದುವೆ ಆದಕೂಡಲೇ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಾ?

ಸಬ್‌ರಿಜಿಸ್ಟ್ರಾರ್_ಸಾಲು
ಕ್ರಮ ಸರಿ. ಹೆಸರು ಬದಲಿಸುವುದು ಕಡ್ಡಾಯ ಅಲ್ಲ. ಬದಲಿಸುವುದೇ ಆದರೆ ವೀಸಾ ಸಿಕ್ಕಿ ಎಲ್ಲ ಮುಗಿದ ಮೇಲೆ ಮಾಡಿ, ನಡುವೆ ಕೈ ಹಾಕಿದರೆ ಎ1 ಪತ್ರದಿಂದ ಹಿಡಿದು ಎಲ್ಲವೂ ಹೊಂದದೆ ಹೋಗ್ತದೆ. ಮುಂದೆ ಅಳಿಯನಿಗೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಬೇಕಾದರೆ ಮದುವೆ ನೋಂದಣಿ ಆಗಿ ಸತತ 2 ವರ್ಷ ದಾಂಪತ್ಯ ಮುಂದುವರಿದಿರಬೇಕು. ಹಾಗಾಗಿ ಸರ್ಟಿಫಿಕೇಟಿನ ಹೆಚ್ಚುವರಿ ದೃಢೀಕೃತ ಪ್ರತಿಗಳನ್ನು ಅವತ್ತೇ ತೆಗೆದಿಡಿ.

ಬಂದರ್_ಬ್ಯಾರಿ
ಯಾವ ಪ್ರತಿಯನ್ನೂ ಲ್ಯಾಮಿನೇಟ್ ಮಾಡಿಸಬೇಡಿ, ಅದರ ಮೇಲೆ ಮುದ್ರೆ ಕೂರುವುದಿಲ್ಲ. ಸೇರಿಸಿ ಹೊಲಿದ ಪಿನ್ನೂ ತೆಗೆಯಬೇಡಿ.

ಕಡಿಯಾಳಿ_ಮನೆ
ಅಯ್ಯೋ, ಎಸ್ಎಸ್ಎಲ್‌ಸಿ ಅಂಕಪಟ್ಟಿ ಅಮ್ಮ ಆಗಲೇ ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ.

ಬಂದರ್_ಬ್ಯಾರಿ
ಮನೆಯಲ್ಲಿ ಬಿಸಿ ಮಾಡಿ ಕೀಳಲು ಹೋಗಬೇಡಿ ಅಕ್ಕ, ಅಕ್ಷರ ಎದ್ದು ಬರ್ತದೆ. ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಬರೆದು ನಕಲು ಅಂಕಪಟ್ಟಿ ತರಿಸಿ. ಜನನ ಪತ್ರಕ್ಕೆ ಹೆಸರು ಸೇರಿಸುವ ಅರ್ಜಿಗೆ ಈಗಿರುವುದರ ಜೆರಾಕ್ಸ್ ಕೊಟ್ಟು, ಕೇಳಿದಾಗ ಮೂಲವನ್ನು ತೋರಿಸಿದರಾಯಿತು, ಅದಕ್ಕಾಗಿ ಕಾಯಬೇಡಿ.